ಮೇಲಿನ ಮೂಲೆಯ ಕದಿರು

ಹೋದ ರಜೆಯಲ್ಲಿ ಬ್ರಹ್ಮಾವರದಿಂದ ಬಂದಾಗ ನೀವಿಬ್ಬರೂ ಹಿತ್ತಿಲ ಕೆಳಗೆ ನಿಂತು, ಹೊಳೆಯ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲ ಕಾಡಿನ ಫೋಟೋ ತೆಗೆದಿರಿ. ಕಾಲೂರಿ ನಿಂತ ಹಾಗೆ ಕಾಣುವ ಬೇರುಗಳು, ಅವುಗಳ ಸಂದಿಯಲ್ಲಿ ಕೂತ ಬೆಳ್ಳಕ್ಕಿ. ಎಷ್ಟು ಹಳೆಯ ಕಾಡು ಅಮ್ಮಮ್ಮ ಎಂದು ಕೇಳಿದಿರಿ. ನಿಮ್ಮ ಅಮ್ಮನಿಗಿಂತ ಸಣ್ಣದು ಎಂದಷ್ಟೇ ಹೇಳಿ ಒಳಗೆ ಹೋದೆ. ಎದುರಿಗೆ ಜನ ಇದ್ದರೆ, ಅದು ನೀವೇ ಆದರೂ, ನನಗೆ ಮಾತು ಮುಂದೆ ಸಾಗುವುದಿಲ್ಲ. ಬರೆಯುವಾಗ ಆ ತೊಂದರೆ ಇಲ್ಲ. ನೀವು ಫೋಟೋ ತೆಗೆದ ಕಾಡು ನಿಂತಿರುವುದು ನಮ್ಮ ಗದ್ದೆಯ ಮೇಲೆ.

ನಾನು ಹುಟ್ಟಿದ್ದು ಬೈಂದೂರಿನ ಹತ್ತಿರ ಯಡ್ತರೆಯಲ್ಲಿ. ಅಲ್ಲಿ ಉಪ್ಪುನೀರಿನ ಕಾಟ ಇರಲಿಲ್ಲ. ಬೇಸಾಯ ಬಿಟ್ಟ ಗದ್ದೆ ಏನಾಗುತ್ತದೆ ಎಂಬುದನ್ನು ಶಾಲೆಗೆ ಹೋಗುವ ದಾರಿಯಲ್ಲೇ ನೋಡಿ ತಿಳಿದಿದ್ದೆ. ಮೊದಲ ಮಳೆಗೆ ಗರಿಕೆ, ತುಂಬೆ, ನಾಚಿಕೆಮುಳ್ಳು. ಆಮೇಲೆ ಕಮ್ಯುನಿಸ್ಟ್ ಗಿಡ ಎದೆಮಟ್ಟ ಬೆಳೆದು ತುಂಬೆಯನ್ನು ಮುಗಿಸುತ್ತಿತ್ತು. ಅದರ ಮರೆಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಕುಂಟುನೇರಳೆ, ಕೇಪಳ ಏಳುತ್ತಿದ್ದವು. ಅವು ಎತ್ತರವಾದ ಮೇಲೆ ಕಮ್ಯುನಿಸ್ಟ್ ಗಿಡಕ್ಕೂ ಬಿಸಿಲಿಲ್ಲ. ಕೊನೆಗೆ ದೊಡ್ಡ ಮರಗಳು. ಒಂದು ಇನ್ನೊಂದಕ್ಕೆ ಜಾಗ ಸರಿಮಾಡಿ ಕೊಟ್ಟು, ಅದರ ಕಾಲಡಿಯಲ್ಲೇ ಸಾಯುವುದು. ನನ್ನ ಅಪ್ಪ ವರ್ಷಕ್ಕೊಮ್ಮೆ ಕತ್ತಿ ಹಿಡಿದು ಗದ್ದೆಯ ಅಂಚನ್ನೆಲ್ಲ ಸವರುತ್ತಿದ್ದರು. ಬಿಟ್ಟರೆ ಹಾಡಿ ಮನೆಯೊಳಗೆ ಬರುತ್ತದೆ ಎನ್ನುತ್ತಿದ್ದರು. ನಮ್ಮ ಕಡೆ ಹಾಡಿ ಎಂದರೆ ಮರಗಳು ಒತ್ತಾಗಿ ನಿಂತ ಜಾಗ. ಗದ್ದೆ ಎಂದರೆ ಹಾಡಿಯಾಗಲು ಹೊರಟ ನೆಲವನ್ನು ನಾವು ರಟ್ಟೆಯ ಬಲದಿಂದ ಹಿಡಿದು ನಿಲ್ಲಿಸಿದ್ದು, ಮತ್ತೇನಲ್ಲ. ಅದು ನನಗೆ ಆಗ ಅರ್ಥವಾಗಿರಲಿಲ್ಲ.

ಮದುವೆಯಾಗಿ ಬಂದದ್ದು ಈ ಹೊಳೆಸಾಲಿಗೆ. ಇಲ್ಲಿ ಹಿಡಿದು ನಿಲ್ಲಿಸಬೇಕಾದದ್ದು ನೀರನ್ನು. ಗಂಗೊಳ್ಳಿಯ ಅಳಿವೆಯಿಂದ ಉಬ್ಬರ ಏರಿದರೆ ಸಮುದ್ರದ ನೀರು ನಮ್ಮ ಹಿತ್ತಿಲವರೆಗೂ ಬರುತ್ತದೆ. ಅದಕ್ಕೆ ಅಡ್ಡವಾಗಿ ಹೊಳೆಯ ಉದ್ದಕ್ಕೂ ಮಣ್ಣಿನ ದಂಡೆ, ದಂಡೆಯಲ್ಲಿ ಹಲಗೆ ಹಾಕುವ ಒಂದು ಕಿಂಡಿ. ಮಳೆನೀರು ಹೆಚ್ಚಾದರೆ ಹಲಗೆ ಎತ್ತಿ ಹೊರಗೆ ಬಿಡುವುದು, ಉಬ್ಬರಕ್ಕೆ ಮುಚ್ಚುವುದು. ದಂಡೆಯ ಒಳಗೆ ನಮ್ಮದೂ ಸೇರಿ ಹಲವು ಮನೆಗಳ ಗದ್ದೆ. ಕುಯ್ಲು ಮುಗಿದ ಮೇಲೆ ಅಷ್ಟಮಿಯ ಆಸುಪಾಸಿನಲ್ಲಿ, ಹೊಳೆಯ ನೀರು ಹೆಚ್ಚು ಏರದ ದಿನಗಳಲ್ಲಿ, ಮನೆಗೊಬ್ಬರಂತೆ ಎಲ್ಲರೂ ಬಂದು ದಂಡೆಗೆ ಮಣ್ಣು ಹಾಕಬೇಕು. ಒಂದು ಪದರ ಹೊಳೆಯ ಕೆಸರು, ಒಂದು ಪದರ ಬೈಹುಲ್ಲು. ಆ ಕೆಲಸಕ್ಕೆ ಕರೆಯುತ್ತಿದ್ದವರು ನಿಮ್ಮ ಅಜ್ಜಯ್ಯ. ಬೆಳಿಗ್ಗೆ ದಂಡೆಯ ಮೇಲೆ ನಿಂತು ಅವರು ಹ್ವಾಯ್ ಎಂದರೆ ಆಚೆ ದಡದವರೂ ತಿರುಗಿ ನೋಡುತ್ತಿದ್ದರು.

ತೆರೆ ಬಡಿದು ದಂಡೆ ಕೊರೆಯಬಾರದೆಂದು ಅವರು ಹೊರಮೈಗೆ ಒಂದು ಸಾಲು ಕಾಂಡ್ಲ ನೆಟ್ಟರು. ಅದು ಇಲ್ಲಿಯ ಹಳೆಯ ಕ್ರಮ. ಕಾಂಡ್ಲದ ಬೀಜ ಮರದಲ್ಲಿ ಇರುವಾಗಲೇ ಮೊಳೆತು ಉದ್ದ ಕೋಲಿನ ಹಾಗೆ ಜೋಲುತ್ತದೆ. ಅದನ್ನು ತಂದು ಕೆಸರಿಗೆ ಚುಚ್ಚಿದರೆ ಆಯಿತು. ನಾನೂ ಚುಚ್ಚಿದ್ದೆ, ನಿಮ್ಮ ಅಮ್ಮ ಆಗ ನನ್ನ ಸೊಂಟದ ಮೇಲಿದ್ದಳು.

ನಮ್ಮ ಗದ್ದೆಯ ಭತ್ತ ಕೆಂಪು, ಮೊನೆಯಲ್ಲಿ ಉದ್ದ ಮೀಸೆ ಇರುವಂಥದ್ದು. ಸ್ವಲ್ಪ ಉಪ್ಪು ತಾಗಿದರೂ ತಾಳಿಕೊಳ್ಳುತ್ತಿತ್ತು. ನವರಾತ್ರಿಯ ಹೊತ್ತಿಗೆ ಅದರ ಕದಿರು ಬಲಿಯುತ್ತಿತ್ತು. ಆಗ ನಮ್ಮಲ್ಲಿ ಹೊಸ್ತು, ಹೊಸ ಬೆಳೆಯ ಹಬ್ಬ. ನಿಮ್ಮ ಮನೆಯಲ್ಲೂ ಮಾಡುತ್ತಾರೆ, ಆದರೆ ಪೇಟೆಯಿಂದ ಕದಿರಿನ ಕಟ್ಟು ತಂದು ಮಾಡುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿ ಗದ್ದೆಗೆ ಹೋಗಿ ಒಂದು ಹಿಡಿ ಕದಿರು ಕೊಯ್ದು, ತಲೆಯ ಮೇಲೆ ಹೊತ್ತು ತಂದು, ಮಾವಿನ ಎಲೆ ಹಲಸಿನ ಎಲೆಯಲ್ಲಿ ಸುತ್ತಿ, ಬಾಗಿಲಿಗೆ, ಕಂಬಕ್ಕೆ, ನೇಗಿಲಿಗೆ, ಬಾವಿಕಟ್ಟೆಗೆ ಕಟ್ಟುವುದು. ಅದೇ ಕದಿರಿನ ಕೆಲವು ಕಾಳು ಸುಲಿದು ಅಂದಿನ ಅನ್ನಕ್ಕೆ ಹಾಕುವುದು. ಊಟಕ್ಕೆ ಕುಳಿತಾಗ ಚಿಕ್ಕವರು ದೊಡ್ಡವರ ಮುಖ ನೋಡಿ, ಹೊಸ್ತು ಉಣ್ಣುತ್ತೇನೆ ಎಂದು ಅಪ್ಪಣೆ ಕೇಳಬೇಕು. ಅವರು ಉಣ್ಣು ಎಂದ ಮೇಲೆ ತುತ್ತು.

ಕದಿರು ಯಾರ ಗದ್ದೆಯದಾದರೂ ನಡೆಯುತ್ತದೆ ಎನ್ನುವ ಮನೆಗಳಿವೆ. ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ನನ್ನ ಅತ್ತೆ, ಅಂದರೆ ನಿಮ್ಮ ಅಜ್ಜಯ್ಯನ ತಾಯಿ, ಅದನ್ನು ಬಿಡುತ್ತಿರಲಿಲ್ಲ. ಇನ್ನೊಬ್ಬರ ಗದ್ದೆಯ ಕದಿರು ಕಟ್ಟಿದರೆ ಅದು ಅವರ ಮನೆಯ ಹೊಸ್ತು, ನಮ್ಮದಲ್ಲ ಎನ್ನುತ್ತಿದ್ದರು. ಅವರು ಜೋರಿನ ಹೆಂಗಸಲ್ಲ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಏಳುತ್ತಿದ್ದರು. ಇದೊಂದು ವಿಷಯದಲ್ಲಿ ಮಾತ್ರ ಹಾಗೆ.

ನಿಮ್ಮ ಅಮ್ಮ ಹೈಸ್ಕೂಲಿಗೆ ಸೇರಿದ ವರ್ಷ ಅಜ್ಜಯ್ಯ ತೀರಿಕೊಂಡರು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ದಂಡೆಗೆ ತಾಗಿದ ಗದ್ದೆ ಕೆಳಮನೆಯವರದು. ಆ ಮನೆಯ ಯಜಮಾನರು ನಮಗೆ ದೂರದ ಸಂಬಂಧಿ, ನನ್ನನ್ನು ಅತ್ತಿಗೆ ಎಂದು ಕರೆಯುವವರು. ಅವರು ತಮ್ಮ ಗದ್ದೆಯನ್ನು ಚಟ್ಲಿ ಕೆರೆ ಮಾಡಿದ್ದರು. ಚಟ್ಲಿ ಎಂದರೆ ಸಿಗಡಿ. ಆ ವರ್ಷಗಳಲ್ಲಿ ಹೊಳೆಸಾಲಿನಲ್ಲೆಲ್ಲ ಅದೇ ಹುಚ್ಚು. ಸಿಗಡಿಗೆ ಉಪ್ಪುನೀರು ಬೇಕು, ಆದ್ದರಿಂದ ಉಬ್ಬರಕ್ಕೆ ಕಿಂಡಿಯ ಹಲಗೆ ಎತ್ತುತ್ತಿದ್ದರು. ನಮ್ಮ ಗದ್ದೆಯ ಕೆಳಗಿನ ಅಂಚು ಬಿಳಿಚತೊಡಗಿತು. ಆಮೇಲೆ ಸಿಗಡಿಗೆ ರೋಗ ಬಂದು ಎಲ್ಲ ಸತ್ತು ತೇಲಿದವು. ಅವರು ಕೆರೆಯನ್ನು ಹಾಗೇ ಬಿಟ್ಟು ಗಂಗೊಳ್ಳಿಯ ಐಸ್ ಪ್ಲಾಂಟಿಗೆ ಕೆಲಸಕ್ಕೆ ಹೋದರು. ದಂಡೆಗೆ ಮಣ್ಣು ಹಾಕುವ ದಿನ ಬಂದಾಗ ನಾನು ಸಂಕೋಚಪಟ್ಟುಕೊಂಡೇ ಹೋಗಿ ಅವರ ಅಂಗಳದಲ್ಲಿ ನಿಂತೆ. ಅವರು ಕೂತಲ್ಲಿಂದ ಎದ್ದು ಬಂದು ಮೆತ್ತಗೆ ಹೇಳಿದರು:

"ಅತ್ಗೆ, ಮಣ್ಣ್ ಹೊರುಕೆ ಈಗ ಯಾರಿದ್ರ್ ಹೇಳಿ. ನಂದ್ ಹೋಯ್ತ್, ನಿಮ್ದೂ ಹೋತ್. ಎರ್ಡ್ ವರ್ಷ ಹಿಂದೆ ಮುಂದೆ, ಅಷ್ಟೇ."

ಅವರು ಕೆಟ್ಟವರಲ್ಲ. ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಮುಂದಿನ ಮಳೆಗಾಲದ ಹುಣ್ಣಿಮೆಗೆ ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದು ಕೆರೆಯ ಬದಿಯ ದಂಡೆ ಕುಸಿಯಿತು. ನಟ್ಟಿಯಾಗಿದ್ದ ಪೈರು ಮೂರು ನಾಲ್ಕು ಉಬ್ಬರಕ್ಕೆ ಬೆಂದ ಸೊಪ್ಪಿನಂತೆ ಮಲಗಿತು. ಗದ್ದೆಯಿದ್ದವರೆಲ್ಲ ಬಂದು ನೋಡಿದರು. ಒಬ್ಬಿಬ್ಬರು ಹೆಡಗೆ ತಂದರು, ಹೆಡಗೆಯಲ್ಲಿ ಮುಚ್ಚುವಂಥ ತೂತು ಅದಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಗದ್ದೆಯಲ್ಲಿ ಒಂದು ಹುಲ್ಲುಕಡ್ಡಿ ಇರಲಿಲ್ಲ. ನೆಲ ಬಿರಿದು, ಬಿರುಕಿನ ಅಂಚಿಗೆಲ್ಲ ಉಪ್ಪು ಕಟ್ಟಿತ್ತು. ನಡೆದರೆ ಹಪ್ಪಳ ಮುರಿದ ಸದ್ದು. ಮುಂದಿನ ಮಳೆ ನಿಂತ ಮೇಲೆ ಅಲ್ಲಲ್ಲಿ ಕೆಂಪು ಕಾಂಡದ, ದಪ್ಪ ಎಲೆಯ ಒಂದು ಸೊಪ್ಪು ನೆಲಕ್ಕೆ ಅಂಟಿಕೊಂಡು ಹಬ್ಬಿತು. ಅದರ ಹೆಸರು ನನಗೆ ಗೊತ್ತಿಲ್ಲ. ಬಾಯಿಗೆ ಇಟ್ಟು ನೋಡಿದೆ, ಬರೀ ಉಪ್ಪು. ಆದರೂ ಹಸಿರು ಕಂಡಿತಲ್ಲ ಎಂದು ಸಮಾಧಾನವಾಯಿತು. ಯಡ್ತರೆಯ ಲೆಕ್ಕದಲ್ಲಿ, ಮೊದಲು ಒಂದು ಸೊಪ್ಪು ಬಂದರೆ ನೆಲ ಗುಣವಾಗುತ್ತಿದೆ ಎಂದೇ ಅರ್ಥ. ಆ ಸೊಪ್ಪು ಹೊಳೆಯ ಕೆಸರನ್ನು ಹಿಡಿದು ನಿಲ್ಲಿಸಿತು. ಕೆಸರು ಏರಿದಲ್ಲಿ ಸೂಜಿಯಂಥ ಹುಲ್ಲು ಬಂತು. ಹುಲ್ಲು ಬಂದಾಗ ದನ ಇಳಿದು ಮೇಯತೊಡಗಿತು, ಅತ್ತೆಯವರಿಗೆ ಅದನ್ನು ಹೇಳಿದೆ. ಅವರಿಗೆ ಆಗಲೇ ಕಣ್ಣು ಮಂಜಾಗಿತ್ತು. ಹುಲ್ಲು ಬಂದ ಮೇಲೆ ಭತ್ತವೂ ಬಂದೀತು ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಹುಲ್ಲು ನಮಗಾಗಿ ಬಂದದ್ದಲ್ಲ, ಕಾಂಡ್ಲಕ್ಕೆ ಹಾಸಿಗೆ ಹಾಸಲು ಬಂದದ್ದು ಎಂದು ಹೇಗೆ ತಿಳಿಯಬೇಕು.

ಗದ್ದೆಯ ಮೇಲಿನ ಮೂಲೆಯಲ್ಲಿ, ಮನೆಯ ಕಡೆಗೆ, ಗುಡ್ಡದ ಮಳೆನೀರು ಇಳಿದು ಬರುವ ಒಂದು ತೋಡು ಇದೆ. ಮಳೆಗಾಲದಲ್ಲಿ ಆ ಸಿಹಿನೀರು ಹರಿದು ಅಷ್ಟು ಜಾಗದ ಉಪ್ಪನ್ನು ತೊಳೆಯುತ್ತಿತ್ತು. ದಂಡೆ ಒಡೆದ ಮರುವರ್ಷವೇ ನಾನು ಅಲ್ಲಿ ಮೊಣಕಾಲೆತ್ತರ ಕೆಸರಿನ ಬದು ಹಾಕಿ, ಒಳಗೆ ತೆಂಗಿನ ಸಿಪ್ಪೆ ತುಂಬಿ ಗಟ್ಟಿ ಮಾಡಿದೆ. ಒಂದು ದೊಡ್ಡ ಚಾಪೆ ಹಾಸಿದಷ್ಟು ಜಾಗ ಇರಬಹುದು. ಅದರಲ್ಲಿ, ಮನೆಯಲ್ಲಿ ಉಳಿದಿದ್ದ ಬೀಜದಿಂದ ನಮ್ಮ ಕೆಂಪು ಭತ್ತ ನಟ್ಟಿ ಮಾಡಿದೆ. ಉಣ್ಣಲಿಕ್ಕಲ್ಲ. ಹೊಸ್ತಿಗೆ ಒಂದು ಹಿಡಿ ಕದಿರು, ಮರುವರ್ಷಕ್ಕೆ ಒಂದು ಬೊಗಸೆ ಬೀಜ, ಇಷ್ಟು ಸಿಕ್ಕರೆ ಸಾಕಿತ್ತು. ಊಟದ ಅಕ್ಕಿ ಅಂಗಡಿಯಿಂದಲೇ ಬರುತ್ತಿತ್ತು. ನಾನು ಅಲ್ಲಿ ಬಗ್ಗಿ ನಟ್ಟಿ ಮಾಡುವಾಗ ಗಂಗೊಳ್ಳಿಯಿಂದ ಬುಟ್ಟಿ ಹೊತ್ತು ಬರುವ ಮೀನಿನವಳು ಗದ್ದೆಯ ಅಂಚಿನ ಎತ್ತರದ ದರೆಯ ಮೇಲೆ ನಿಂತು ನೋಡಿ ನಗುತ್ತಿದ್ದಳು.

"ಹ್ವಾಯ್ ಅಮ್ಮ, ಗದ್ದಿಯಂಗೆ ಭತ್ತ ಇಲ್ದಿರೆ ಎಂತಾಯ್ತ್, ಏಡಿ ಇತ್ತಲೆ. ಈ ಸಲ ಹೊಸ್ತಿಗೆ ಏಡಿ ಸುಕ್ಕ ಮಾಡಿ."

ನಾನು ತಲೆ ಎತ್ತದೆ ನಟ್ಟಿ ಮುಂದುವರಿಸುತ್ತಿದ್ದೆ. ಆದರೆ ಮೂಲೆಯಲ್ಲಿ ಕದಿರು ಹೊರಟಾಗ ಮೊದಲು ನೋಡಿದವಳು ಅವಳೇ. ಬುಟ್ಟಿ ಇಳಿಸಿ, ದರೆಯಿಂದ ಇಳಿದು ಬಂದು ಮುಟ್ಟಿ ನೋಡಿದಳು. ಅವತ್ತು ತಮಾಷೆ ಮಾಡಲಿಲ್ಲ.

ಹಾಗೆ ಕೆಲವು ವರ್ಷ ನಡೆಯಿತು. ಮೂಲೆಯ ಆಚೆ ಮಾತ್ರ ಗದ್ದೆ ತನ್ನ ದಾರಿ ಹಿಡಿದಿತ್ತು. ಹುಲ್ಲಿನ ನಡುವೆ ಮುಳ್ಳೆಲೆಯ, ನೀಲಿ ಹೂವಿನ ಹೊಳೆಚುಳ್ಳಿ ಎದ್ದು ದನದ ದಾರಿ ಮುಚ್ಚಿತು. ಅದರ ಬುಡದಲ್ಲಿ ಇನ್ನಷ್ಟು ಕೆಸರು ನಿಂತಿತು. ಒಂದು ಮಳೆಗಾಲದ ಕೊನೆಯಲ್ಲಿ ನೋಡುತ್ತೇನೆ, ಹೊಳೆಚುಳ್ಳಿಯ ಸಂದಿಯಲ್ಲಿ ಹಸಿರು ಕೋಲುಗಳು ನೆಟ್ಟಗೆ ನಿಂತಿವೆ. ದಂಡೆಯ ಹೊರಗಿನ ಕಾಂಡ್ಲ ಸಾಲಿನಿಂದ ಉದುರಿ, ಒಡೆದ ಜಾಗದಲ್ಲಿ ಉಬ್ಬರದ ಜೊತೆ ತೇಲಿ ಒಳಗೆ ಬಂದಿದ್ದವು. ದಂಡೆ ಕಾಯಲು ನಿಮ್ಮ ಅಜ್ಜಯ್ಯ ನೆಟ್ಟ ಮರಗಳ ಮಕ್ಕಳು. ನಾನು ನಿಂತು ನೋಡಿದೆ. ಬೈಯಲು ಯಾರೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನನ್ನ ಬೇಸಾಯ ಎಂದರೆ ಮೂಲೆಯೊಳಗೆ ಮತ್ತು ಅದರ ಸುತ್ತ ಬಂದು ನಿಂತ ಕಾಂಡ್ಲದ ಕೋಲು ಕೀಳುವುದು. ಎಳೆಯದಿದ್ದಾಗ ಹಿಡಿದು ಎಳೆದರೆ ಬರುತ್ತದೆ. ಎರಡು ಎಲೆ ಬಿಟ್ಟ ಮೇಲೆ ಬೇರು ಕೆಸರನ್ನು ಕಚ್ಚಿ ಹಿಡಿಯುತ್ತದೆ. ನಾಲ್ಕು ಎಲೆಯಾದ ಮೇಲೆ ನನ್ನಿಂದ ಆಗುತ್ತಿರಲಿಲ್ಲ. ಪ್ರತಿ ದೊಡ್ಡ ಉಬ್ಬರಕ್ಕೂ ಹೊಸತು ಬರುತ್ತಿದ್ದವು. ಹೊಳೆಯ ಕೆಳಗಿನ ಕೆಸರಿನಲ್ಲಿ ಕಾಂಡ್ಲ ನೆಡಲು ಬಂದ ಅರಣ್ಯ ಇಲಾಖೆಯವರು ನನ್ನನ್ನು ಕಂಡು, ಇದನ್ನು ತೆಗೆಯಬಾರದು ಅಮ್ಮ, ಮೀನು ಮರಿ ಮಾಡುವುದು ಇದರ ಬುಡದಲ್ಲೇ, ದಡ ಉಳಿಯುವುದೂ ಇದರಿಂದಲೇ ಎಂದು ತಿಳಿಸಿ ಹೇಳಿದರು. ಅವರು ಹೇಳಿದ್ದು ತಪ್ಪಲ್ಲ. ಇದು ಗದ್ದೆ ಎಂದು ಹೇಳೋಣವೆಂದು ಬಾಯಿ ತೆರೆದೆ. ಅವರು ತಿರುಗಿ ನೋಡಿದ ಕಡೆ ಗದ್ದೆಯಂಥದ್ದು ಏನೂ ಕಾಣುತ್ತಿರಲಿಲ್ಲ.

ದಂಡೆಗೆ ಮಣ್ಣು ಹಾಕಿಸಲು ಒಮ್ಮೆ ನಿಮ್ಮ ಅಪ್ಪನೂ ಪ್ರಯತ್ನ ಮಾಡಿದರು. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಸುತ್ತಲಿನ ಗುಡ್ಡದ ಮಣ್ಣೆಲ್ಲ ಟಿಪ್ಪರಿನಲ್ಲಿ ಅತ್ತ ಹೋಗುತ್ತಿತ್ತು. ಅದರಲ್ಲಿ ನಾಲ್ಕು ಲೋಡು ದಂಡೆಗೆ ತರಿಸೋಣವೆಂದು ಉಳಿದ ಗದ್ದೆಯವರನ್ನು ಅವರೇ ಹೋಗಿ ಕಂಡರು. ಎಲ್ಲರೂ ಕಾಫಿ ಕೊಟ್ಟು ಕಳಿಸಿದರು. ಬೇಸಾಯವೇ ಇಲ್ಲದ ಮೇಲೆ ದಂಡೆ ಯಾರಿಗೆ.

ಕಾಂಡ್ಲ ಆಳೆತ್ತರವಾದಾಗ ಮೂಲೆಗೆ ಬಿಸಿಲು ಕಡಿಮೆಯಾಯಿತು. ಅವುಗಳ ಬುಡದಲ್ಲಿ ಕೆಸರು ಏರಿ, ತೋಡಿನ ಸಿಹಿನೀರು ಇಳಿದು ಹೋಗಲು ದಾರಿ ಇಲ್ಲದೆ ನಿಂತಿತು. ನಿಂತ ನೀರಿಗೆ ಉಬ್ಬರದ ಉಪ್ಪು ಕೆಳಗಿನಿಂದ ಸೇರತೊಡಗಿತು. ಹೊಳೆಚುಳ್ಳಿಯೇ ಕಾಂಡ್ಲದ ನೆರಳಲ್ಲಿ ಒಣಗುತ್ತಿತ್ತು, ಭತ್ತದ ಮಾತೇನು. ಕದಿರು ವರ್ಷದಿಂದ ವರ್ಷಕ್ಕೆ ಗಿಡ್ಡವಾಯಿತು. ಅತ್ತೆಯವರಿಗೆ ನಾನು ಇದನ್ನು ಹೇಳಲಿಲ್ಲ. ಅವರು ಜಗಲಿಯಲ್ಲಿ ಕೂತು, ಈ ವರ್ಷ ಹೇಗಿದೆ ಎಂದು ಕೇಳುತ್ತಿದ್ದರು. ಇದೆ ಎನ್ನುತ್ತಿದ್ದೆ.

ಕೊನೆಯ ವರ್ಷ ಪೈರು ನಿಂತಿತು, ಕದಿರೂ ಹೊರಟಿತು, ಆದರೆ ತಲೆ ಬಾಗಲಿಲ್ಲ. ಕಾಳು ತುಂಬಿದ ಕದಿರು ಬಾಗಬೇಕು. ಹೊಸ್ತಿಗೆ ಇನ್ನೂ ದಿನ ಇದೆ ಎಂದು ಕಾದೆ. ಆ ವಾರ ನಿಮ್ಮ ಅಮ್ಮ ಬ್ರಹ್ಮಾವರದಿಂದ ಫೋನ್ ಮಾಡಿದಳು. ನನ್ನ ದನಿಯಲ್ಲೇ ಅವಳಿಗೆ ಗೊತ್ತಾಯಿತು.

"ಅಮ್ಮ, ಕುಂದಾಪ್ರ ಪ್ಯಾಟಿಯಂಗೆ ಕದ್ರ್ ಸಿಕ್ತ್. ಒಂದ್ ಕಟ್ಟ್ ತಂದಿಟ್ಕೊ. ಅಜ್ಜಿಗೆ ಹೇಳುದ್ ಬ್ಯಾಡ, ಅವ್ರಿಗೆ ಕಾಂತಿಲ್ಲೆ ಅಲ್ದಾ."

ಬಸ್ಸು ಹತ್ತಿ ಹೋಗಿ ತಂದೆ. ಹೂವು ಮಾರುವವರ ಪಕ್ಕದಲ್ಲೇ ಕದಿರನ್ನೂ ಎಲೆಯನ್ನೂ ಸೇರಿಸಿ ಕಟ್ಟಿ ಇಟ್ಟಿದ್ದರು. ಬಂಗಾರದ ಬಣ್ಣದ ತುಂಬು ಕದಿರು. ಅದನ್ನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟೆ. ಹೊಸ್ತಿನ ಬೆಳಿಗ್ಗೆ ಮೂಲೆಗೆ ಹೋಗಿ ನಮ್ಮದನ್ನೂ ಕೊಯ್ದೆ. ಕೊಯ್ಯುವಾಗ ಕುಡುಗೋಲಿಗೆ ಭಾರವೇ ತಿಳಿಯಲಿಲ್ಲ. ತಲೆಯ ಮೇಲೆ ಹೊತ್ತು ತಂದು ಅತ್ತೆಯವರ ಮುಂದೆ ಬಿದಿರಿನ ಗೆರಸೆಯಲ್ಲಿ ಇಟ್ಟೆ. ಅನ್ನಕ್ಕೆ ಹಾಕುವ ಕಾಳು ಸುಲಿಯುವುದು ಅವರ ಕೆಲಸ. ಒಂದು ಕದಿರು ಎಳೆದುಕೊಂಡರು. ಉಗುರಿನಿಂದ ಒಂದು ಭತ್ತ ಬಿಡಿಸಿದರು, ಹೊಟ್ಟು. ಇನ್ನೊಂದು, ಅದೂ ಹೊಟ್ಟು. ಕದಿರಿನ ಬುಡದಿಂದ ತುದಿಯವರೆಗೆ ಬಿಡಿಸಿ, ಮುಂದಿನದಕ್ಕೆ ಹೋದರು. ಗೆರಸೆಯ ತುಂಬ ಹೊಟ್ಟು ಬಿತ್ತು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಎಲ್ಲ ಕದಿರೂ ಮುಗಿದ ಮೇಲೆ ಅವರ ಅಂಗೈಯಲ್ಲಿ ಒಂದು ಅಕ್ಕಿಕಾಳೂ ಇರಲಿಲ್ಲ.

"ಇದ್ರಂಗೆ ಎಂತದೂ ಇಲ್ಲೆ ಮಗಾ," ಎಂದರು.

ಒಳಗೆ ಹೋಗಿ ಅಟ್ಟದಿಂದ ಪೇಟೆಯ ಕಟ್ಟು ತಂದೆ. ಗದ್ದೆಯ ಇನ್ನೊಂದು ಬದಿಯಲ್ಲಿ ಇದ್ದದ್ದು ಎಂದು ಹೇಳಬೇಕೆಂದು ಬಾಗಿಲು ದಾಟುವವರೆಗೂ ಮನಸ್ಸಿನಲ್ಲಿತ್ತು. ಅವರ ಕೈಗೆ ಕೊಟ್ಟೆ. ಅವರು ತೂಗಿ ನೋಡಿದರು.

"ಯಾರ್ದ್ ಇದ್?"

"ಪ್ಯಾಟಿದ್ ಅತ್ತೆ."

ಅವರಿಗೆ ಸಿಟ್ಟು ಬರಲಿಲ್ಲ. ಕದಿರಿನ ಮೇಲೆ ಕೈ ಆಡಿಸಿದರು.

"ಯಾರ್ದೋ ಗದ್ದಿ ಇನ್ನೂ ಉಳ್ದಿತ್ತಲೆ," ಎಂದು ಹೇಳಿ ನನಗೇ ವಾಪಸು ಕೊಟ್ಟರು.

ಅದನ್ನು ಬಾಗಿಲಿಗೆ ಕಟ್ಟಲಿಲ್ಲ, ದನಕ್ಕೆ ಹಾಕಿದೆ. ಮಧ್ಯಾಹ್ನ ಅಂಗಡಿಯ ಅಕ್ಕಿಯ ಅನ್ನ, ಮಾಡಿಟ್ಟಿದ್ದ ಪಾಯಸ. ಬಾಳೆಲೆ ಹಾಸಿ ಬಡಿಸಿದೆ. ನಾನು ಅಪ್ಪಣೆ ಕೇಳುವವಳು, ಅವರು ಕೊಡುವವರು, ಮನೆಯಲ್ಲಿ ಇದ್ದದ್ದು ಇಬ್ಬರೇ. ನಾನು ಕೇಳಲು ಬಾಯಿ ತೆರೆಯುವ ಮೊದಲೇ ಅವರು ಅನ್ನ ಕಲಸಿ ಉಣ್ಣತೊಡಗಿದ್ದರು, ಉಳಿದ ದಿನ ಉಂಡ ಹಾಗೆ. ನಾನೂ ಉಂಡೆ.

ಅದಾದ ಮೇಲೆ ಅವರು ಇನ್ನೂ ಎರಡು ಮಳೆಗಾಲ ಇದ್ದರು. ಹೊಸ್ತಿನ ದಿನ ಯಾವುದೆಂದು ಮತ್ತೆ ಕೇಳಲಿಲ್ಲ. ಮೂಲೆ ಹೇಗಿದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ನಾನು ಕಾಂಡ್ಲ ಕೀಳಲು ಹೋಗುವುದನ್ನು ನಿಲ್ಲಿಸಿರಲಿಲ್ಲ, ಅಭ್ಯಾಸವಾಗಿತ್ತು. ಆ ಹೊಸ್ತಿನ ಮುಂದಿನ ಮಳೆ ಹಿಡಿದಾಗ ಬದು ಸರಿ ಮಾಡಿ, ಕೆಸರು ಹದ ಮಾಡಿ, ಅಗೆ ಹಾಕಲು ಬೀಜ ತರಬೇಕೆಂದು ಮನೆಯೊಳಗೆ ಬಂದು ನಿಂತ ಮೇಲೆ ನೆನಪಾಯಿತು. ಹೊಟ್ಟಿನಿಂದ ಬೀಜ ಆಗುವುದಿಲ್ಲ. ಮೀಸೆಯ ಆ ಕೆಂಪು ಭತ್ತ ಹೊಳೆಸಾಲಿನ ಬೇರೆ ಮನೆಗಳಲ್ಲಿ ಇದೆಯೋ ಎಂದು ಕೇಳಿಕೊಂಡು ಹೋದೆ. ಜೀವಮಾನದಲ್ಲಿ ಅಷ್ಟು ಅಂಗಳಗಳಲ್ಲಿ ನಿಂತು ಅಷ್ಟು ಜನರೊಡನೆ ನಾನು ಮಾತಾಡಿದ್ದು ಅದೊಂದೇ ಸಲ. ಯಾರ ಹತ್ತಿರವೂ ಇರಲಿಲ್ಲ. ದಂಡೆ ಒಡೆದ ವರ್ಷವೇ ಎಲ್ಲರೂ ಬೀಜವನ್ನು ಕುಟ್ಟಿಸಿ ಗಂಜಿ ಮಾಡಿ ಉಂಡಿದ್ದರು.